ಅಂಗನವಾಡಿಯಲ್ಲಿ ಊಟದ ಹೊತ್ತು: ಸಾಂಬಾರು ಚೆಲ್ಲಿದರೆ, ಶೇಂಗಾ ಗಂಟಲಿಗೆ ಸಿಕ್ಕಿದರೆ ಮೊದಲು ಏನು ಮಾಡಬೇಕು?

ಹೊಸ ಕಾರ್ಯಕರ್ತೆ:
ನಮ್ಮದು ಒಂದೇ ಕೋಣೆಯ ಕೇಂದ್ರ, ಮೂಲೆಯಲ್ಲೇ ಗ್ಯಾಸ್ ಒಲೆ. ಸಹಾಯಕಿ ಬಡಿಸುವಾಗ ಮಕ್ಕಳನ್ನು ನೋಡಿಕೊಳ್ಳೋದು ನಾನೊಬ್ಬಳೇ. ಸಾಂಬಾರು ಮೈಮೇಲೆ ಬಿದ್ದರೆ, ಶೇಂಗಾ ಗಂಟಲಿಗೆ ಸಿಕ್ಕಿಕೊಂಡರೆ 108 ಬರುವ ತನಕ ಏನು ಮಾಡಬೇಕು? ಸುಟ್ಟದ್ದಕ್ಕೆ ಒಬ್ಬರು ಅರಿಶಿನ ಅಂತಾರೆ, ಇನ್ನೊಬ್ಬರು ಟೂತ್‌ಪೇಸ್ಟ್. ತಿಳಿದವರು ಬಿಡಿಸಿ ಹೇಳಿ.

ಮಕ್ಕಳ ವಾರ್ಡ್ ನರ್ಸ್:
ಮೊದಲು ಗಂಟಲಿನ ವಿಷಯ. ಅದರಲ್ಲಿ ಆಂಬುಲೆನ್ಸ್ ಕಾಯುವಷ್ಟು ಹೊತ್ತು ಇರೋದಿಲ್ಲ.

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ನೆತ್ತಿ ತಟ್ಟೋದು, ನೀರು ಕುಡಿಸೋದು, ಬಾಳೆಹಣ್ಣು ನುಂಗಿಸೋದು ಯಾವುದೂ ಬೇಡ. ದನಿ ಹೊರಡದೆ, ಕೆಮ್ಮು ಸೊರಗಿ, ತುಟಿ ನೀಲಿಯಾಗುತ್ತಾ ಬಂತೋ, ಆಗ ತಡಮಾಡಬೇಡಿ.

ವರ್ಷ ದಾಟಿದ ಮಗುವಾದರೆ ಪಕ್ಕದಲ್ಲಿ ಮಂಡಿಯೂರಿ, ಒಂದು ಕೈ ಎದೆಗೆ ಆಸರೆ ಕೊಟ್ಟು ಮುಂದಕ್ಕೆ ಬಗ್ಗಿಸಿ. ಇನ್ನೊಂದು ಅಂಗೈಯ ಬುಡದಿಂದ ಬೆನ್ನಿನ ಮೇಲ್ಭಾಗದ ಎರಡು ರೆಕ್ಕೆ ಮೂಳೆಗಳ ನಡುವೆ 5 ಸಲ ಬಲವಾಗಿ ಹೊಡೆಯಿರಿ. ಬರಲಿಲ್ಲವೇ, ಹಿಂದಿನಿಂದ ತಬ್ಬಿ ಹೊಕ್ಕುಳಿಗೂ ಎದೆಮೂಳೆಯ ತುದಿಗೂ ನಡುವೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಎಳೆದಂತೆ 5 ಸಲ ಒತ್ತಿ. ವಸ್ತು ಬರುವ ತನಕ ಇದು 5, ಅದು 5. ಫೋನ್ ಸಹಾಯಕಿ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್: ಎದೆಯ ನಡುವೆ 30 ಒತ್ತು, 2 ಉಸಿರು. ಹೊಟ್ಟೆ ಒತ್ತಿದ ಮಗುವನ್ನು ಚೇತರಿಸಿಕೊಂಡರೂ ಅವತ್ತೇ ಡಾಕ್ಟರಿಗೆ ತೋರಿಸಿ, ಒಳಗೆ ಪೆಟ್ಟಾಗಿರಬಹುದು.

ಹೊಸ ಕಾರ್ಯಕರ್ತೆ:
ಅಕ್ಕನ ಜೊತೆ ಹತ್ತು ತಿಂಗಳ ಕೂಸೂ ಬರುತ್ತೆ ಮೇಡಂ. ಕಾಲು ಹಿಡಿದು ತಲೆಕೆಳಗು ಮಾಡಬಹುದಾ? ಬೆರಳು ಹಾಕಿ ತೆಗೆದರೆ?

ಮಕ್ಕಳ ವಾರ್ಡ್ ನರ್ಸ್:
ಎರಡೂ ಬೇಡ. ಕಣ್ಣಿಗೆ ಕಾಣದ್ದಕ್ಕೆ ಬೆರಳು ಹಾಕಿದರೆ ಬೀಜ ಇನ್ನೂ ಒಳಕ್ಕೆ ಹೋಗುತ್ತೆ. ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಾಗಿ ಮಲಗಿಸಿ, ದವಡೆ ಹಿಡಿದು ಬೆನ್ನಿಗೆ 5 ಏಟು. ಆಮೇಲೆ ಅಂಗಾತ ಮಾಡಿ ಮೊಲೆತೊಟ್ಟುಗಳ ಗೆರೆಗಿಂತ ಸ್ವಲ್ಪ ಕೆಳಗೆ ಎದೆಮೂಳೆಯ ಮೇಲೆ 5 ಒತ್ತು. ವರ್ಷದೊಳಗಿನ ಕೂಸಿನ ಹೊಟ್ಟೆ ಒತ್ತಲೇಬಾರದು, ಲಿವರ್‌ಗೆ ಪೆಟ್ಟು ಬೀಳುತ್ತೆ.

ಇನ್ನೊಂದು ಮಾತು, ಜನ ಮರೆಯೋದು ಇದನ್ನೇ. ಶೇಂಗಾ ತಿನ್ನುವಾಗ ಕೆಮ್ಮಿ ಕೆಮ್ಮಿ ಸುಮ್ಮನಾದ ಮಗುವಿಗೆ ಆಮೇಲೆ ಕೆಮ್ಮು ನಿಲ್ಲದಿದ್ದರೆ, ಎದೆಯಲ್ಲಿ ಸುಯ್ ಸದ್ದು ಬಂದರೆ, ಚೂರು ಶ್ವಾಸನಾಳಕ್ಕೆ ಇಳಿದಿರಬಹುದು. ಶೇಂಗಾ ಎಕ್ಸ್‌ರೇಯಲ್ಲಿ ಕಾಣೋದಿಲ್ಲ. "ಎಕ್ಸ್‌ರೇ ಸರಿಯಿದೆ" ಅಂದರೂ ತಿನ್ನುವಾಗ ಕೆಮ್ಮಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಪ್ರಥಮ ಚಿಕಿತ್ಸೆ ತರಬೇತುದಾರ:
ಸುಟ್ಟ ಗಾಯಕ್ಕೆ ಬೇಕಾದ್ದು ತಣ್ಣೀರು, 20 ನಿಮಿಷ. ಎರಡು ನಿಮಿಷ ಹಾಕಿ ಬಿಟ್ಟರೆ ಸಾಲದು. ಚರ್ಮದ ಒಳಪದರದಲ್ಲಿ ಬಿಸಿ ಉಳಿದು ಸುಡುತ್ತಲೇ ಇರುತ್ತೆ. ನಲ್ಲಿ ಇಲ್ಲದ ಕೇಂದ್ರದಲ್ಲಿ ನಿಮಿಷಕ್ಕೊಂದು ಲೀಟರ್ ಚೊಂಬು ನಿಧಾನವಾಗಿ ಸುರಿಯುತ್ತಾ ಹೋದರೆ 20 ಲೀಟರ್, ಅಂದರೆ ಸುಮಾರು ಎರಡು ಕೊಡ. ಅಷ್ಟು ನೀರು ಬೆಳಗ್ಗೆಯೇ ತುಂಬಿಟ್ಟಿರಬೇಕು.

ನೀರು ಹಾಕುತ್ತಲೇ ನೆನೆದ ಅಂಗಿ ತೆಗೆಯಿರಿ, ಬಟ್ಟೆ ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ. ಊತ ಬರುವ ಮೊದಲೇ ಬಳೆ, ಕಾಲ್ಗೆಜ್ಜೆ, ಉಡಿದಾರ ಬಿಚ್ಚಿ. ಐಸ್, ಅರಿಶಿನ, ಟೂತ್‌ಪೇಸ್ಟ್, ಇಂಕು ಒಂದೂ ಬೇಡ. ಗಾಯ ಎಷ್ಟು ಆಳ ಇದೆ ಅಂತ ಡಾಕ್ಟರಿಗೆ ಕಾಣದಂತೆ ಮಾಡುತ್ತವೆ, ಕೆರೆದು ತೆಗೆಯುವಾಗ ಮಗುವಿಗೆ ನರಕ. ಬೊಬ್ಬೆ ಒಡೆಯಬೇಡಿ. ಉಳಿದ ಮೈಗೆ ಟವೆಲ್ ಹೊದಿಸಿ, ಇಲ್ಲದಿದ್ದರೆ ಚಿಕ್ಕ ಮಕ್ಕಳಿಗೆ ಚಳಿ ಹಿಡಿಯುತ್ತೆ. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ. ಮುಖ, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ನೇರ ಆಸ್ಪತ್ರೆಗೆ.

ವಲಯ ಮೇಲ್ವಿಚಾರಕಿ:
ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ನಿಮ್ಮ ತೊಂದರೆ ಇರೋದು ಬಡಿಸುವ ಕ್ರಮದಲ್ಲಿ. ಮಕ್ಕಳು ತಟ್ಟೆ ಹಿಡಿದು ಪಾತ್ರೆ ಹತ್ತಿರ ಬರಬಾರದು. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತ ಮೇಲೆಯೇ ಸಾಂಬಾರು ಏಳಲಿ, ಅದೂ ಸಣ್ಣ ಬಕೆಟ್‌ನಲ್ಲಿ ಅರ್ಧ ಮಾತ್ರ. ಸೌಟಿನ ಒಂದು ಹನಿ ಮೊದಲು ನಿಮ್ಮ ಮುಂಗೈ ಮೇಲೆ. ತಲೆಯ ಮೇಲಿಂದ ದಾಟಿಸಬೇಡಿ, ಸೆರಗು ಸಿಕ್ಕಿಸಿಕೊಳ್ಳಿ, ಚಾಪೆಯ ಮಡಿಸಿದ ಅಂಚು ಕಾಲಿಗೆ ತೊಡರದಂತೆ ನೋಡಿ. ಕುಕ್ಕರ್ ನೆಲಕ್ಕೆ ಇಳಿಸಲೇಬೇಡಿ.

ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಬೇಡ, ಪುಡಿ ಮಾಡಿ ಬೆರೆಸಿ. ಮೊಟ್ಟೆ ನಾಲ್ಕು ಹೋಳು. ಬಾಯಲ್ಲಿ ತುತ್ತು ಇರುವಾಗ ಓಡೋದು, ನಗಿಸೋದು ಬೇಡ.

ಏನಾದರೂ ಆದರೆ ಹೊತ್ತು, ಏನಾಯಿತು, ಏನು ಮಾಡಿದಿರಿ, ಮನೆಯವರಿಗೆ ಯಾವಾಗ ಹೇಳಿದಿರಿ, ಇಷ್ಟನ್ನೂ ಅವತ್ತೇ ಪುಸ್ತಕದಲ್ಲಿ ಬರೆದಿಡಿ.

ಪ್ರಥಮ ಚಿಕಿತ್ಸೆ ತರಬೇತುದಾರ:
ನೀರು ತುಂಬಿಡಿ ಅಂದೆನಲ್ಲ, ಬಾಯಿ ಕಿರಿದಾದ ಕೊಡದಲ್ಲೇ ತುಂಬಿ ಮುಚ್ಚಳ ಹಾಕಿಡಿ, ತೆರೆದ ಬಕೆಟ್‌ನಲ್ಲಿ ಬೇಡ. ಆ ಹತ್ತು ತಿಂಗಳ ಕೂಸು ಬಕೆಟ್ ಹಿಡಿದು ನಿಂತು ಇಣುಕಿದರೆ ತಲೆಭಾರಕ್ಕೆ ಮುಗ್ಗರಿಸುತ್ತೆ. ಒಂದು ಗೇಣು ನೀರಿದ್ದರೂ ತಾನಾಗಿ ಮೇಲೇಳಲಾರದು, ಕೂಗಲೂ ಆಗಲ್ಲ.