ಕೋಶ ಹೊಳೆದ ಮಾತ್ರಕ್ಕೆ ಕಣ ಒಳಗೆ ಹೋಗಿದೆ ಎನ್ನಬಹುದೇ?

ಪ್ರಶ್ನೆ: ಔಷಧವನ್ನು ಕೋಶದೊಳಗೆ ಒಯ್ಯಲು ನ್ಯಾನೋಪ್ರೆಸಿಪಿಟೇಶನ್ ವಿಧಾನದಲ್ಲಿ (ಕರಗಿಸಿದ ಪಾಲಿಮರನ್ನು ನೀರಿಗೆ ಬೆರೆಸಿ ಸಣ್ಣ ಕಣವಾಗಿಸುವುದು) ಪಿಎಲ್‌ಜಿಎ ಎಂಬ, ದೇಹದಲ್ಲಿ ಕರಗುವ ಪಾಲಿಮರಿನ ಕಣಗಳನ್ನು ಮಾಡಿದ್ದೇವೆ. ಗಾತ್ರ ಸುಮಾರು 170 ನ್ಯಾನೋಮೀಟರ್, ಪಿಡಿಐ (ಕಣಗಳ ಗಾತ್ರದ ಏರುಪೇರಿನ ಅಳತೆ) 0.12. ಕೂಮರಿನ್-6 ಎಂಬ ಹೊಳೆಯುವ ಬಣ್ಣ ತುಂಬಿ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಅರ್ಧ ಗಂಟೆಯಲ್ಲೇ ಹಸಿರು ಹೊಳಪು ಬರುತ್ತದೆ. ಆದರೆ 4 ಡಿಗ್ರಿಯಲ್ಲಿಟ್ಟ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಹೊಳೆಯುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ತುಂಬಿದ ಕಣಗಳು 24 ಗಂಟೆಯ ಎಂಟಿಟಿ ಪರೀಕ್ಷೆಯಲ್ಲಿ (ಎಷ್ಟು ಕೋಶ ಬದುಕಿವೆ ಎಂದು ಅಳೆಯುವುದು) ಬರೀ ಔಷಧಕ್ಕಿಂತ ಹಿಂದೆ ಬೀಳುತ್ತಿವೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಸರ್?

ಉತ್ತರ: ಸುಳಿವು 4 ಡಿಗ್ರಿಯ ಫಲಿತಾಂಶದಲ್ಲೇ ಇದೆ. ಕಣವನ್ನು ಒಳಗೆಳೆದುಕೊಳ್ಳಲು ಕೋಶಕ್ಕೆ ಶಕ್ತಿ ಬೇಕು. ಆ ತಂಪಿನಲ್ಲಿ ಹೀಗೆ ಒಳಗೆಳೆಯುವ ಕ್ರಿಯೆ, ಅಂದರೆ ಎಂಡೋಸೈಟೋಸಿಸ್, ಬಹುಪಾಲು ನಿಂತುಹೋಗುತ್ತದೆ. ಆದರೂ ಹೊಳಪು ಇಳಿಯಲಿಲ್ಲವೆಂದರೆ ಬಣ್ಣ ಕಣದಿಂದ ಸೋರಿ ತಾನಾಗಿಯೇ ಪೊರೆ ದಾಟಿರಬೇಕು, ಇಲ್ಲವೇ ಕಣಗಳು ಹೊರಮೈಗೆ ಅಂಟಿಕೊಂಡಿರಬೇಕು. ಕೂಮರಿನ್-6 ಕೊಬ್ಬಿಗೆ ಒಲಿಯುವ ಬಣ್ಣ, ಹಾಗಾಗಿ ನನ್ನ ಅನುಮಾನ ಮೊದಲು ಸೋರಿಕೆಯ ಮೇಲೆ.

ಹೀಗೆ ಪರೀಕ್ಷಿಸಿ: ಕಣಗಳನ್ನು 10% ಸೀರಂ ಇರುವ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) 37 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಕಣಗಳನ್ನು ಬೇರ್ಪಡಿಸಲು 100 ಕೆಡಿಎ (ಕಿಲೋಡಾಲ್ಟನ್, ಅಣುತೂಕದ ಅಳತೆ) ಫಿಲ್ಟರ್ ಇಲ್ಲಿ ಬೇಡ. ಸೀರಂನ ಪ್ರೋಟೀನುಗಳಿಗೆ ಅಂಟಿದ ಬಣ್ಣವೂ ಮೇಲೆಯೇ ಉಳಿದು ದಾರಿ ತಪ್ಪಿಸಬಹುದು. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದಲ್ಲಿ ಕಣ ಉಳಿದಿಲ್ಲವೆಂದು ಡಿಎಲ್‌ಎಸ್‌ನಲ್ಲಿ (ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ವಿಧಾನ) ನೋಡಿ, ಆ ದ್ರವವನ್ನಷ್ಟೇ ಕೋಶಗಳಿಗೆ ಹಾಕಿ. ಆಗಲೂ ಹೊಳೆದರೆ ಅದು ಸೋರಿದ ಬಣ್ಣ.

ಶಾಶ್ವತ ಪರಿಹಾರ ಬೇಕಿದ್ದರೆ ಪಾಲಿಮರಿಗೇ ರಾಸಾಯನಿಕವಾಗಿ ಜೋಡಿಸಿದ ಸೈ-5 ಬಣ್ಣ ಬಳಸಿ. 4 ಡಿಗ್ರಿಯ ಪ್ರಯೋಗಕ್ಕೆ ಕೋಶಗಳನ್ನೂ ಕಣದ ದ್ರವವನ್ನೂ ಅರ್ಧ ಗಂಟೆ ಮೊದಲೇ ತಣ್ಣಗೆ ಮಾಡಿಟ್ಟುಕೊಳ್ಳಿ. ಕೊನೆಗೆ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಝಡ್-ಸ್ಟ್ಯಾಕ್ (ಕೋಶದ ಪದರಪದರದ ಚಿತ್ರಗಳು) ತೆಗೆಯಲೇಬೇಕು. ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೆಟ್ರಿಯ ಅಂಕಿ ಒಳಗಿನದನ್ನೂ ಹೊರಗೆ ಅಂಟಿದ್ದನ್ನೂ ಬೇರ್ಪಡಿಸಿ ಹೇಳುವುದಿಲ್ಲ.

ಇನ್ನೊಬ್ಬರ ಉತ್ತರ: ಎಂಟಿಟಿ ಬಗ್ಗೆ ಗಾಬರಿ ಬೇಡ. ಪ್ಯಾಕ್ಲಿಟ್ಯಾಕ್ಸೆಲ್ ಪೊರೆಯನ್ನು ತಾನೇ ದಾಟಬಲ್ಲದು, ಕಣವೋ ಔಷಧವನ್ನು ನಿಧಾನಕ್ಕೆ ಬಿಡುತ್ತದೆ. ಮೇಲಾಗಿ ಅದು ಕೋಶ ವಿಭಜನೆಯನ್ನು ತಡೆಯುವ ಔಷಧ. ಪರಿಣಾಮ ಕಾಣಲು ಸಮಯ ಹಿಡಿಯುತ್ತದೆ, 72 ಗಂಟೆಗೆ ನೋಡಿ. ಖಾಲಿ ಕಣದ ಕಂಟ್ರೋಲ್ ತಪ್ಪದೇ ಇಡಿ. ಪಿ-ಗ್ಲೈಕೋಪ್ರೋಟೀನ್ (ಔಷಧವನ್ನು ಕೋಶದಿಂದ ಹೊರಹಾಕುವ ಪ್ರೋಟೀನ್) ಹೆಚ್ಚಿರುವ ನಿರೋಧಕ ಕೋಶಗಳು ಬರೀ ಔಷಧವನ್ನು ಹೊರದಬ್ಬುತ್ತವೆ. ಕಣದಿಂದ ಲಾಭವಿದ್ದರೆ ಅಲ್ಲಿ ಕಾಣುವ ಸಾಧ್ಯತೆ ಹೆಚ್ಚು.

ಮರುಪ್ರಶ್ನೆ: ಕಣದ ಮೇಲ್ಮೈಗೆ ಫೋಲೇಟ್ (ಒಂದು ಬಿ ವಿಟಮಿನ್) ಜೋಡಿಸಿದರೆ ಒಳಹೋಗುವುದು ಹೆಚ್ಚುತ್ತದೆಯೇ?

ಉತ್ತರ: ಎಂಸಿಎಫ್-7ರಲ್ಲಿ ಫೋಲೇಟ್ ಹಿಡಿದುಕೊಳ್ಳುವ ಗ್ರಾಹಕ ಕಡಿಮೆ, ದೊಡ್ಡ ವ್ಯತ್ಯಾಸ ಕಾಣಲಾರದು. ಆ ಗ್ರಾಹಕ ಹೆಚ್ಚಿರುವ ಹೀಲಾ (ಗರ್ಭಕಂಠದ ಕ್ಯಾನ್ಸರ್) ಕೋಶಗಳಲ್ಲಿ ನೋಡಿ. ಆರ್‌ಪಿಎಂಐ 1640 ಮೀಡಿಯಂನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫೋಲಿಕ್ ಆಮ್ಲ (ಫೋಲೇಟ್‌ನ ಒಂದು ರೂಪ) ಇದೆ. ಅದೇ ಗ್ರಾಹಕಗಳನ್ನು ತುಂಬಿಬಿಟ್ಟರೆ ನಿಮ್ಮ ಕಣಕ್ಕೆ ಜಾಗ ಸಿಗದು. ಫೋಲೇಟ್ ಇಲ್ಲದ ಮೀಡಿಯಂನಲ್ಲಿ ಕೋಶ ಬೆಳೆಸಿ, ಒಂದು ತಟ್ಟೆಗೆ ಮಾತ್ರ 1 ಮಿಲಿಮೋಲಾರ್ ಫೋಲಿಕ್ ಆಮ್ಲ ಸೇರಿಸಿ. ಆ ತಟ್ಟೆಯಲ್ಲಿ ಹೊಳಪು ಇಳಿದರೆ ಕಣ ಗ್ರಾಹಕದ ಮೂಲಕವೇ ಹೋಗುತ್ತಿದೆ ಎನ್ನಬಹುದು.