ವಿಟ್‌ಬಿ ಅಬ್ಬಿಗೆ ಮಂಡಿ ನೋವಿರೋ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ?

ಲೀಡ್ಸ್_ಮೈಸೂರಿಗ:
ನಮಸ್ಕಾರ ಎಲ್ರಿಗೂ, ಮುಂದಿನ ತಿಂಗ್ಳು ಅಪ್ಪ ಅಮ್ಮ ಮೈಸೂರಿಂದ ಬರ್ತಿದಾರೆ. ಅಪ್ಪಂಗೆ ಹಳೇ ಕಟ್ಟಡ ಅಂದ್ರೆ ಪ್ರಾಣ, ಇಂಗ್ಲೆಂಡಿನ ವಿಟ್‌ಬಿ ಊರಲ್ಲಿ ಸಮುದ್ರದ ಪಕ್ಕ ಗುಡ್ಡದ ಮೇಲಿರೋ ಆ ಪಾಳು ಅಬ್ಬಿ (ಅಂದ್ರೆ ಹಳೇ ಕ್ರೈಸ್ತ ಮಠ) ಫೋಟೋ ನೋಡಿದಾಗಿಂದ ಅಲ್ಲಿಗೇ ಹೋಗ್ಬೇಕು ಅಂತಿದಾರೆ. ಆದ್ರೆ 199 ಮೆಟ್ಲು ಅಂತೆ, ಬೇರೆ ದಾರಿ ಇದ್ಯಾ? ಅಮ್ಮ ಬೇರೆ, ಬರೀ ಗೋಡೆ ನೋಡೋಕೆ ಅಷ್ಟು ದೂರ ಯಾಕೋ ಅಂತಾರೆ.

ಯಾರ್ಕ್_ಕನ್ನಡತಿ:
ಕಾರಲ್ಲಿ ಹೋಗಿ, ಮೇಲೆ ಅಬ್ಬಿ ಹತ್ರಾನೇ ಪಾರ್ಕಿಂಗ್ ಇದೆ, ಮೆಟ್ಲು ಹತ್ತೋದೇ ಬೇಡ. ಲೀಡ್ಸಿಂದ 840 ಬಸ್ಸೂ ಇದೆ ಆದ್ರೆ ಮೂರು ಗಂಟೆ ಮೇಲಾಗುತ್ತೆ, ವಯಸ್ಸಾದವ್ರಿಗೆ ಕಷ್ಟ. ಬೇಸಿಗೇಲೂ ಗಾಳಿ ಜೋರು, ಅಮ್ಮಂಗೆ ಕಿವಿ ಮುಚ್ಚೋ ಟೋಪಿ ಮರೀಬೇಡಿ.

ಹಳೇಕಲ್ಲು:
ಬರೀ ಗೋಡೆ ಅನ್ಬೇಡಿ ಅಂತ ಅಮ್ಮಂಗೆ ಹೇಳಿ ಪ್ಲೀಸ್. 657ರಲ್ಲಿ ಇಲ್ಲಿ ಮಠ ಶುರುವಾದಾಗ ಅದನ್ನ ನಡೆಸಿದ್ದು ಹಿಲ್ಡ್ ಅನ್ನೋ ಹೆಂಗಸು, ಗಂಡಸ್ರು ಹೆಂಗಸ್ರು ಇಬ್ರೂ ಇದ್ದ ಮಠ. ಆಗ ಈಸ್ಟರ್ ಹಬ್ಬ ಯಾವತ್ತು ಅಂತ ಎಣಿಸೋಕೆ ಆ ಸೀಮೆ ರಾಜ ಓಸ್ವಿಯುದು ಐರಿಷ್ ಲೆಕ್ಕ, ರಾಣೀದು ರೋಮ್ ಲೆಕ್ಕ, ಒಬ್ರು ಈಸ್ಟರ್ ಊಟ ಮಾಡ್ತಿದ್ರೆ ಇನ್ನೊಬ್ರು ಇನ್ನೂ ಉಪವಾಸ, ನಮ್ಮಲ್ಲಿ ಸ್ಮಾರ್ತರ ಏಕಾದಶಿ ಒಂದಿನ ಮಾಧ್ವರದ್ದು ಮಾರನೇ ದಿನ ಬರುತ್ತಲ್ಲ ಹಾಗೆ. 664ರಲ್ಲಿ ಇದೇ ಮಠದಲ್ಲಿ ಸಭೆ ಸೇರಿ ರೋಮ್ ಲೆಕ್ಕಾನೇ ಸರಿ ಅಂತ ರಾಜ ತೀರ್ಮಾನ ಕೊಟ್ಟ. ಈಗ ನಿಂತಿರೋದು ಆ ಮಠ ಅಲ್ಲ, 13ನೇ ಶತಮಾನದಲ್ಲಿ ಕಟ್ಟೋಕೆ ಶುರು ಮಾಡಿದ ಚರ್ಚು. 1539ರಲ್ಲಿ ರಾಜ ಎಂಟನೇ ಹೆನ್ರಿ ಕಾಲಕ್ಕೆ ಮಠ ಮುಚ್ಚಿದ್ರು, 1830ರಲ್ಲಿ ನಡುಗೋಪುರ ಬಿತ್ತು, 1914ರಲ್ಲಿ ಜರ್ಮನ್ ಹಡಗುಗಳ ಗುಂಡೂ ತಗುಲ್ತು. ಇಷ್ಟಾದ್ಮೇಲೂ ಪೂರ್ವದ ಕಡೆ ಗೋಡೆ, ಮೂರು ಸಾಲು ಚೂಪು ಕಿಟಕಿ, ಹಾಗೇ ನಿಂತಿದೆ. ನಂಗಂತೂ ಅದರ ಮುಂದೆ ಮಾತೇ ಬರ್ಲಿಲ್ಲ.

ಯಾರ್ಕ್_ಕನ್ನಡತಿ:
ಇನ್ನೊಂದು, ಹಿಲ್ಡ್ ಅಲ್ಲಿನ ಹಾವುಗಳನ್ನೆಲ್ಲ ಕಲ್ಲು ಮಾಡಿದ್ಲು ಅಂತ ಕಥೆ ಇದೆ. ಅಲ್ಲಿ ಸಿಗೋ ಆ ಸುರುಳಿ ಕಲ್ಲು ನಿಜಕ್ಕೂ ಅಮೋನೈಟ್, ಅಂದ್ರೆ ಹಿಂದೆ ಸಮುದ್ರದಲ್ಲಿದ್ದ ಸುರುಳಿ ಚಿಪ್ಪಿನ ಜೀವಿ ಕಲ್ಲಾಗಿರೋದು, ನಮ್ಮ ದೇವರ ಪೆಟ್ಟಿಗೇಲಿರೋ ಸಾಲಿಗ್ರಾಮದ ಒಳಗಿನ ಚಕ್ರಾನೂ ಅದೇ ಜಾತಿ ಜೀವಿದು.

ಲೀಡ್ಸ್_ಮೈಸೂರಿಗ:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ! ಈಗ ಫೋನಲ್ಲಿ ಓದಿ ಹೇಳ್ದೆ, ಸಾಲಿಗ್ರಾಮ ಅಂದ ತಕ್ಷಣ ಅಮ್ಮ ಆ ಕಲ್ಲು ಎಲ್ಲಿ ನೋಡೋಕೆ ಸಿಗುತ್ತೆ ಕೇಳು ಅಂದ್ರು.

ಹಳೇಕಲ್ಲು:
ನದಿ ಆಚೆ ಪ್ಯಾನೆಟ್ ಪಾರ್ಕಲ್ಲಿ ವಿಟ್‌ಬಿ ಮ್ಯೂಸಿಯಂ ಇದೆ, ಅಲ್ಲಿ ತುಂಬಾ ಇವೆ. ಮೊದ್ಲು ಅಬ್ಬಿ ನೋಡಿ, ಆಮೇಲೆ ಅಲ್ಲಿಗೆ ಹೋಗಿ.