ಆಫ್‌ಸೆಟ್ ಪ್ಲೇಟನ್ನು ಲೇಸರ್ ‘ಕೊರೆಯುತ್ತದೆ’ ಎನ್ನಬಹುದೇ?

ಮಾನ್ಯರೇ,

ಆಫ್‌ಸೆಟ್ ಮುದ್ರಣದ ಪ್ಲೇಟುಗಳ ಮೇಲೆ ವಿದ್ಯುತ್ ಕಿಡಿಯಿಂದಲೂ ಲೇಸರಿನಿಂದಲೂ ಬಿಂಬ ಮೂಡಿಸುವ ವಿಧಾನಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಅಬ್ಲೇಷನ್’ (ಮೇಲಿನ ಪದರವನ್ನು ತೆಗೆದುಹಾಕುವುದು) ಎಂಬ ಮಾತಿಗೆ ಮೊದಲ ಕರಡಿನಲ್ಲಿ ‘ಕೊರೆತ’ ಎಂದು ಬರೆದಿದ್ದೆ. ತಿದ್ದಲು ಕುಳಿತಾಗ ಅದು ತಪ್ಪೆನಿಸಿತು.

ಕೊರೆಯುವುದು ಎಂದರೆ ಗುಳಿ ಬೀಳಬೇಕು, ಆ ಗುಳಿಗೆ ಕೆಲಸವೂ ಇರಬೇಕು. ಗ್ರೇವೂರ್ ಮುದ್ರಣದ ಸಿಲಿಂಡರಿನಲ್ಲಿ ಹಾಗೆಯೇ ಆಗುತ್ತದೆ: ಗುಳಿಗಳಲ್ಲಿ ನಿಂತ ಶಾಯಿಯೇ ಕಾಗದಕ್ಕೆ ಇಳಿಯುತ್ತದೆ. ಆಫ್‌ಸೆಟ್ಟಿಗೆ ಮೂಲವಾದ ಲಿಥೊಗ್ರಫಿಯಲ್ಲಿ, 18ನೆಯ ಶತಮಾನದ ಕೊನೆಯಲ್ಲಿ ಆಲೋಯ್ಸ್ ಸೆನೆಫೆಲ್ಡರ್ ಬವೇರಿಯದ ಸುಣ್ಣಕಲ್ಲಿನ ಮೇಲೆ ಅದನ್ನು ಕಂಡುಕೊಂಡಾಗಿನಿಂದಲೂ, ಏರುತಗ್ಗಿಗೆ ಕೆಲಸವಿಲ್ಲ. ಒಂದೇ ಮಟ್ಟದ ಮೈಯಲ್ಲಿ ಒಂದು ಭಾಗ ಶಾಯಿ ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಅಚ್ಚಾದದ್ದು ಈ ಕಲ್ಲಚ್ಚಿನಲ್ಲೇ. ಇಂದು ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಮ್, ಪಾಲಿಯೆಸ್ಟರ್ ಬಂದಿದ್ದರೂ ತತ್ತ್ವ ಅದೇ ಆಗಿರುವುದರಿಂದ ‘ಕಲ್ಲಚ್ಚು’ ಎಂಬ ಹೆಸರನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಬರಹದಲ್ಲಿರುವ ಪ್ಲೇಟು, ಶಾಯಿ ಬೇಡದ ಕಡೆ ನೀರು ಹಚ್ಚುವ ಸಾಮಾನ್ಯ ಬಗೆಯದಲ್ಲ, ನೀರಿಲ್ಲದೆ ಅಚ್ಚುಮಾಡುವ ಬಗೆಯದು. ತಳದಲ್ಲಿ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಅತಿ ತೆಳುವಾದ ಲೋಹದ ಪದರ, ಎಲ್ಲಕ್ಕೂ ಮೇಲೆ ಸಿಲಿಕೋನ್. ಸಿಲಿಕೋನ್ ಶಾಯಿಯನ್ನು ಹತ್ತಿರ ಸೇರಿಸುವುದಿಲ್ಲ, ಪಾಲಿಯೆಸ್ಟರ್ ಹಿಡಿದುಕೊಳ್ಳುತ್ತದೆ. ಅಕ್ಷರ ಬರಬೇಕಾದ ಕಡೆ ಮೇಲಿನೆರಡು ಪದರ ಹೋಗಬೇಕು. ಅಲ್ಲಿ ತಗ್ಗು ಉಂಟಾಗುವುದು ನಿಜ. ಆದರೆ ಕೆಲವೇ ಮೈಕ್ರೋಮೀಟರಿನ ಆ ತಗ್ಗು ಶಾಯಿ ಹಿಡಿಯುವುದಕ್ಕೆ ಕಾರಣವಲ್ಲ. ಪ್ರೆಸ್ಟೆಕ್ ಸಂಸ್ಥೆಯ ತಂತ್ರವನ್ನು ಅಳವಡಿಸಿಕೊಂಡು 1991ರಲ್ಲಿ ಬಂದ ಹೈಡೆಲ್‌ಬರ್ಗ್ ಜಿಟಿಒ-ಡಿಐ ಯಂತ್ರವು ಪ್ಲೇಟನ್ನು ತನ್ನ ಸಿಲಿಂಡರಿನ ಮೇಲೆಯೇ ಇಟ್ಟುಕೊಂಡು, ಸೂಜಿಮೊನೆಯಂಥ ವಿದ್ಯುದ್ವಾರಗಳಿಂದ ಕಿಡಿ ಹಾರಿಸಿ ಆ ಪದರಗಳನ್ನು ಚುಕ್ಕೆಚುಕ್ಕೆಯಾಗಿ ಸುಡುತ್ತಿತ್ತು. ಕಿಡಿ ನೇರವಾಗಿ ಇಳಿಯದೆ ಸುಲಭದ ದಾರಿ ಹಿಡಿದು ಪಕ್ಕಕ್ಕೆ ವಾಲುವುದರಿಂದ ಚುಕ್ಕೆಯ ಅಂಚು ಒರಟಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವಕೆಂಪು ಲೇಸರ್ ಡಯೋಡುಗಳು ಆ ಜಾಗಕ್ಕೆ ಬಂದವು.

ಲೇಸರಿನದು ಬೇರೆಯೇ ರೀತಿ. ಸಿಲಿಕೋನ್ ಆ ಬೆಳಕನ್ನು ತನ್ನ ಮೂಲಕ ಹಾದುಹೋಗಲು ಬಿಡುತ್ತದೆ. ಬಿಸಿಯಾಗುವುದು ಒಳಗಿನ ಲೋಹದ ಪದರ. ಲೋಹ ಕ್ಷಣಾರ್ಧದಲ್ಲಿ ಆವಿಯಾಗಲು, ಮೇಲಿನ ಸಿಲಿಕೋನ್ ಹಿಡಿತ ತಪ್ಪಿ ಸಡಿಲವಾಗುತ್ತದೆ, ಆದರೂ ಅಲ್ಲೇ ಕುಳಿತಿರುತ್ತದೆ. ಬಟ್ಟೆಯಿಂದ ಒರೆಸಿದಾಗಲೇ ಅದು ಕಿತ್ತುಬಂದು ಪಾಲಿಯೆಸ್ಟರ್ ಕಾಣುತ್ತದೆ. ಮಳೆಗಾಲ ಕಳೆದ ಮೇಲೆ ಗೋಡೆಯ ಸುಣ್ಣ ಒಳಗಿನಿಂದ ಬಿಟ್ಟುಕೊಂಡು, ಬೆರಳು ತಾಗಿಸಿದರೆ ಉದುರುವುದನ್ನು ‘ಹಕ್ಕಳೆ ಏಳುವುದು’ ಎನ್ನುತ್ತೇವಲ್ಲ, ಪ್ಲೇಟಿನ ಮೇಲೆ ನಡೆಯುವುದು ಬಹುಮಟ್ಟಿಗೆ ಅದೇ.

ಆದ್ದರಿಂದ ಕಿಡಿಯ ವಿಧಾನಕ್ಕೆ ‘ಸುಟ್ಟು ತೆಗೆಯುವುದು’ ಎಂದೂ ಲೇಸರಿನದಕ್ಕೆ ‘ಹಕ್ಕಳೆಯೆಬ್ಬಿಸುವುದು’ ಎಂದೂ ಬರೆಯಬೇಕೆಂದಿದ್ದೇನೆ. ಸಂಸ್ಕೃತದಿಂದ ‘ಅಪಕ್ಷರಣ’ ಎಂದು ಕಟ್ಟಿಕೊಂಡರೆ ಅದೊಂದೇ ಪದ ಹಿಮನದಿ ಸವೆಯುವುದಕ್ಕೂ ಶಸ್ತ್ರಚಿಕಿತ್ಸೆಗೂ ಆದೀತು, ಆದರೆ ಓದುಗರಿಗೆ ಪದರ ಏಳುವುದು ಕಣ್ಣಿಗೆ ಕಟ್ಟುವುದಿಲ್ಲ. ನನ್ನ ಅನುಮಾನ ಇಷ್ಟು: ಹಕ್ಕಳೆ ತಾನಾಗಿ ಏಳುತ್ತದೆಯೇ ಹೊರತು ಅದನ್ನು ಯಾರೂ ಬೇಕೆಂದು ಎಬ್ಬಿಸುವುದಿಲ್ಲ, ಅದು ಗೋಡೆ ಕೆಟ್ಟಿರುವುದರ ಗುರುತು. ಬೇಕೆಂದೇ ಮಾಡುವ ಕೆಲಸಕ್ಕೆ ಆ ಮಾತನ್ನು ಬಳಸಿದರೆ ಪ್ಲೇಟು ಹಾಳಾಯಿತೆಂದು ಓದುಗರು ತಿಳಿದಾರೇ? ನಿಮ್ಮ ಕಡೆ ಬಣ್ಣ, ಗಾರೆ, ತೊಗಟೆ ಮೊದಲಾದವನ್ನು ಉದ್ದೇಶಪೂರ್ವಕವಾಗಿ ಪದರವಾಗಿ ಬಿಡಿಸುವುದಕ್ಕೆ ಬೇರೆ ಕ್ರಿಯಾಪದ ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.